ಗುಸ್ತಾವ್ ಎರ್ನೆಸಾಕ್ಸ್

ಗುಸ್ತಾವ್ ಎರ್ನೆಸಾಕ್ಸ್ (12 ಡಿಸೆಂಬರ್ 1908 – 24 ಜನವರಿ 1993) ಎಸ್ಟೋನಿಯಾ ದೇಶದ ವೃಂದಗಾನ ನಿರ್ದೇಶಕರು, ಸಂಗೀತ ಸಂಯೋಜಕರು ಹಾಗೂ ಸಂಗೀತ ಶಿಕ್ಷಕರು. ಎಸ್ಟೋನಿಯಾದ ರಾಷ್ಟ್ರೀಯ ಪುರುಷ ಗಾನವೃಂದವನ್ನು 1944ರಲ್ಲಿ ಸ್ಥಾಪಿಸಿದವರು ಇವರೇ. ಎರಡನೆಯ ಮಹಾಯುದ್ಧದ ನಂತರ ಆ ದೇಶದಲ್ಲಿ ನಡೆದ ಬೃಹತ್ ಗಾನೋತ್ಸವಗಳ ಪ್ರಧಾನ ನಿರ್ದೇಶಕರಲ್ಲಿ ಇವರು ಅಗ್ರಗಣ್ಯರು. ಜನರು ಇವರನ್ನು ಪ್ರೀತಿಯಿಂದ 'ಲಾವುಲುತಾತ್', ಅಂದರೆ 'ಹಾಡಿನ ಅಜ್ಜ' ಎಂದು ಕರೆಯುತ್ತಿದ್ದರು.

ಇವರ ಬದುಕಿನಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಸೋವಿಯತ್ ಆಳ್ವಿಕೆಯ ಎಸ್ಟೋನಿಯಾದ ಅಧಿಕೃತ ರಾಜ್ಯಗೀತೆಗೆ ಸ್ವರ ಸಂಯೋಜಿಸಿದವರು ಎರ್ನೆಸಾಕ್ಸ್. ಅದೇ ಆಳ್ವಿಕೆಗೆ ಮನಸ್ಸಿನಲ್ಲಿಯೇ ಪ್ರತಿರೋಧ ತೋರುತ್ತಿದ್ದ ಜನರು ತಮ್ಮ ನಿಜವಾದ ನಾಡಗೀತೆಯೆಂದು ಹಾಡಿಕೊಂಡ 'ಮು ಇಸಮಾ ಒನ್ ಮಿನು ಅರ್ಮ್' (ನನ್ನ ನಾಡೇ ನನ್ನ ಒಲವು) ಎಂಬ ಗೀತೆಯ ಸ್ವರವೂ ಇವರದೇ. ಮೊದಲನೆಯದನ್ನು ಇಂದು ಹಾಡುವವರಿಲ್ಲ. ಎರಡನೆಯದಿಲ್ಲದೆ ಇಂದಿಗೂ ಎಸ್ಟೋನಿಯಾದಲ್ಲಿ ಗಾನೋತ್ಸವ ಮುಗಿಯುವುದಿಲ್ಲ.

ಹಿನ್ನೆಲೆ: ಎಸ್ಟೋನಿಯಾದ ಗಾನೋತ್ಸವ

ಎರ್ನೆಸಾಕ್ಸ್ ಅವರ ಕಾರ್ಯದ ಮಹತ್ವವನ್ನು ಅರಿಯಬೇಕಾದರೆ ಮೊದಲು ಗಾನೋತ್ಸವದ ಪರಿಚಯ ಅಗತ್ಯ. ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿರುವ ಎಸ್ಟೋನಿಯಾ ಒಂದು ಪುಟ್ಟ ದೇಶ. ಅದರ ಜನಸಂಖ್ಯೆ ಸುಮಾರು 13 ಲಕ್ಷ. ಶತಮಾನಗಳ ಕಾಲ ಅಲ್ಲಿಯ ರೈತರು ಜರ್ಮನ್ ಭೂಮಾಲೀಕರ ಕೈಕೆಳಗೆ ಜೀತದಾಳುಗಳಾಗಿದ್ದರು. ಹದಿನೆಂಟನೆಯ ಶತಮಾನದಿಂದ ದೇಶವು ರಷ್ಯಾದ ಚಕ್ರವರ್ತಿಗಳ ಆಡಳಿತದಲ್ಲಿತ್ತು. ಆಳುವವರ ಭಾಷೆ ಬೇರೆ, ಪಾದ್ರಿಗಳ ಭಾಷೆ ಬೇರೆ. ಎಸ್ಟೋನಿಯನ್ ಭಾಷೆ ರೈತರ ಮನೆಮಾತಾಗಿ ಉಳಿದಿತ್ತು.

ಲಿವೋನಿಯಾ ಪ್ರಾಂತ್ಯದಲ್ಲಿ ಜೀತಪದ್ಧತಿ ರದ್ದಾಗಿ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ, 1869ರ ಜೂನ್ ತಿಂಗಳಲ್ಲಿ, ಪತ್ರಿಕಾ ಸಂಪಾದಕ ಯೊಹಾನ್ ವೋಲ್ಡೆಮಾರ್ ಯಾನ್ಸೆನ್ ಅವರ ಮುಂದಾಳುತನದಲ್ಲಿ ಟಾರ್ಟು ನಗರದಲ್ಲಿ ಮೊದಲ ಗಾನೋತ್ಸವ ನಡೆಯಿತು. ಹಳ್ಳಿಹಳ್ಳಿಗಳಿಂದ ಬಂದ ಎಂಟುನೂರಕ್ಕೂ ಹೆಚ್ಚು ಗಾಯಕರೂ ವಾದಕರೂ ಅದರಲ್ಲಿ ಪಾಲ್ಗೊಂಡರು. ಹಾಡಿದವರೆಲ್ಲರೂ ಗಂಡಸರೇ. ಅಂದು ಹಾಡಿದ ಗೀತೆಗಳಲ್ಲಿ ಬಹುಪಾಲು ಧಾರ್ಮಿಕ ಗೀತೆಗಳು ಮತ್ತು ಜರ್ಮನ್ ಸಂಯೋಜನೆಗಳು. ಅವುಗಳ ನಡುವೆ ಯಾನ್ಸೆನ್ ಅವರ ಮಗಳು, ಕವಯಿತ್ರಿ ಲಿಡಿಯಾ ಕೊಯ್ದುಲಾ ಬರೆದ ಎರಡು ಕವಿತೆಗಳಿಗೆ ಅಲೆಕ್ಸಾಂಡರ್ ಕುನಿಲೈಡ್ ಎಂಬ ತರುಣ ಶಿಕ್ಷಕ ಸ್ವರ ಹಾಕಿದ್ದ ಹಾಡುಗಳೂ ಇದ್ದವು. 'ಮು ಇಸಮಾ ಒನ್ ಮಿನು ಅರ್ಮ್' ಅವುಗಳಲ್ಲಿ ಒಂದು. ಹೀಗೆ ಈ ಕವಿತೆ ಎರ್ನೆಸಾಕ್ಸ್ ಹುಟ್ಟುವುದಕ್ಕೆ ನಾಲ್ಕು ದಶಕಗಳ ಮೊದಲೇ ಗಾನೋತ್ಸವದ ವೇದಿಕೆಯನ್ನು ಕಂಡಿತ್ತು.

ಅಂದಿನಿಂದ ಕೆಲವು ವರ್ಷಗಳಿಗೊಮ್ಮೆ ಗಾನೋತ್ಸವ ನಡೆಸುವುದು ರೂಢಿಯಾಯಿತು. 1918ರಲ್ಲಿ ಎಸ್ಟೋನಿಯಾ ಸ್ವತಂತ್ರ ಗಣರಾಜ್ಯವಾದ ಮೇಲೆ ಅದು ಇಡೀ ದೇಶದ ಹಬ್ಬವಾಗಿ ಬೆಳೆಯಿತು. 1928ರಿಂದ ರಾಜಧಾನಿ ಟಾಲಿನ್‌ನ ಸಮುದ್ರತೀರದ ಇಳಿಜಾರು ಬಯಲೇ ಉತ್ಸವದ ಸ್ಥಳವಾಯಿತು.

ಇಲ್ಲಿ 'ವೃಂದಗಾನ' ಎಂದರೆ ಎಲ್ಲರೂ ಒಂದೇ ಸ್ವರದಲ್ಲಿ ಕೂಡಿ ಹಾಡುವುದಲ್ಲ ಎಂಬುದನ್ನು ಗಮನಿಸಬೇಕು. ಪಾಶ್ಚಾತ್ಯ ಪದ್ಧತಿಯ ಗಾನವೃಂದದಲ್ಲಿ ಗಾಯಕರನ್ನು ಕಂಠದ ಎತ್ತರ-ಆಳಗಳಿಗೆ ಅನುಗುಣವಾಗಿ ಸಾಮಾನ್ಯವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತಾರೆ. ಪ್ರತಿಯೊಂದು ಗುಂಪೂ ಏಕಕಾಲದಲ್ಲಿ ತನ್ನದೇ ಆದ ಬೇರೆ ಸ್ವರಪಂಕ್ತಿಯನ್ನು ಹಾಡುತ್ತದೆ. ಪುರುಷ ಗಾನವೃಂದದಲ್ಲಾದರೆ ಮೊದಲ ಟೆನರ್, ಎರಡನೆಯ ಟೆನರ್, ಮೊದಲ ಬಾಸ್, ಎರಡನೆಯ ಬಾಸ್ ಎಂಬ ವಿಭಾಗಗಳಿರುತ್ತವೆ. ಈ ನಾಲ್ಕೂ ಪಂಕ್ತಿಗಳು ಹೊಂದಿಕೊಂಡಾಗ ಹುಟ್ಟುವ ಸ್ವರಮೇಳವೇ ಕೇಳುಗನಿಗೆ ತಲುಪುವ ಸಂಗೀತ. ಅದನ್ನು ಹದಗೊಳಿಸುವವರು ನಿರ್ದೇಶಕರು.

ಜನನ ಮತ್ತು ವಿದ್ಯಾಭ್ಯಾಸ

ಎರ್ನೆಸಾಕ್ಸ್ ಹುಟ್ಟಿದ್ದು ಉತ್ತರ ಎಸ್ಟೋನಿಯಾದ ಹಾರ್ಯು ಪ್ರಾಂತ್ಯದ ಪೆರಿಲಾ ಎಂಬ ಹಳ್ಳಿಯಲ್ಲಿ. ಆಗ ಎಸ್ಟೋನಿಯಾ ಇನ್ನೂ ರಷ್ಯಾ ಸಾಮ್ರಾಜ್ಯದ ಭಾಗವಾಗಿತ್ತು. ಅವರು ಟಾಲಿನ್ ಸಂಗೀತ ಮಹಾವಿದ್ಯಾಲಯವನ್ನು ಸೇರಿ 1931ರಲ್ಲಿ ಸಂಗೀತ ಶಿಕ್ಷಣ ವಿಭಾಗದಲ್ಲಿಯೂ, 1934ರಲ್ಲಿ ಆರ್ತುರ್ ಕಾಪ್ ಅವರ ಶಿಷ್ಯರಾಗಿ ಸಂಯೋಜನಾ ವಿಭಾಗದಲ್ಲಿಯೂ ಪದವಿ ಪಡೆದರು. ಕಾಪ್ ಅವರು ಎಸ್ಟೋನಿಯಾದ ವಾದ್ಯಸಂಗೀತ ಪರಂಪರೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಒಂದು ಇಡೀ ತಲೆಮಾರಿನ ಸಂಯೋಜಕರು ಅವರ ಕೈಯಲ್ಲಿ ಪಳಗಿದರು.

ವ್ಯಾಸಂಗ ಮುಗಿದೊಡನೆ ಎರ್ನೆಸಾಕ್ಸ್ ಹಿಡಿದದ್ದು ಶಾಲಾ ಶಿಕ್ಷಕರ ವೃತ್ತಿಯನ್ನು. ಟಾಲಿನ್ ನಗರದ ಶಾಲೆಗಳಲ್ಲಿ ಸಂಗೀತ ಕಲಿಸುತ್ತ, ಜೊತೆಗೆ ಹವ್ಯಾಸಿ ಗಾನವೃಂದಗಳನ್ನು ನಡೆಸುತ್ತ ಅವರು ತಮ್ಮ ಕಸುಬನ್ನು ಕಲಿತರು. 1937ರಿಂದ ತಾವು ಓದಿದ ಸಂಗೀತ ಮಹಾವಿದ್ಯಾಲಯದಲ್ಲಿಯೇ ಬೋಧಕರಾದರು. ಮುಂದೆ ಸಾವಿರಾರು ಮಂದಿಯ ಎದುರು ನಿಂತಾಗಲೂ ಅವರ ರೀತಿಯಲ್ಲಿ ಶಾಲಾ ಮೇಷ್ಟರ ಸರಳತೆ ಉಳಿದಿತ್ತು. ಕೈಬೀಸಿನಲ್ಲಿ ಆಡಂಬರವಿರಲಿಲ್ಲ. ಹಾಡುವವನಿಗೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು.

ಯುದ್ಧ, ಯಾರೊಸ್ಲಾವ್ಲ್ ಮತ್ತು ಪುರುಷ ಗಾನವೃಂದ

1940ರ ಜೂನ್‌ನಲ್ಲಿ ಸೋವಿಯತ್ ಸೇನೆ ಎಸ್ಟೋನಿಯಾವನ್ನು ಆಕ್ರಮಿಸಿತು. ಆಗಸ್ಟ್ ತಿಂಗಳಲ್ಲಿ ದೇಶವನ್ನು ಸೋವಿಯತ್ ಒಕ್ಕೂಟಕ್ಕೆ ಸೇರಿಸಿಕೊಳ್ಳಲಾಯಿತು. ಮರುವರ್ಷ ಜರ್ಮನಿ ದಾಳಿ ಮಾಡಿತು. 1944ರವರೆಗೆ ಎಸ್ಟೋನಿಯಾ ಜರ್ಮನರ ವಶದಲ್ಲಿತ್ತು. ಆ ಬಳಿಕ ಮತ್ತೆ ಸೋವಿಯತ್ ಸೇನೆ ಬಂತು. ಒಂದೇ ಕುಟುಂಬದ ಅಣ್ಣತಮ್ಮಂದಿರು ಎರಡು ಎದುರಾಳಿ ಸೇನೆಗಳಲ್ಲಿ ಕಾದಾಡಬೇಕಾಗಿ ಬಂದ ಕಾಲವದು.

ಎರ್ನೆಸಾಕ್ಸ್ ಈ ಅವಧಿಯನ್ನು ಸೋವಿಯತ್ ಒಳನಾಡಿನಲ್ಲಿ ಕಳೆದರು. ಮಾಸ್ಕೋದ ಈಶಾನ್ಯಕ್ಕೆ ವೋಲ್ಗಾ ನದಿಯ ದಡದಲ್ಲಿರುವ ಯಾರೊಸ್ಲಾವ್ಲ್ ಪಟ್ಟಣದಲ್ಲಿ, ಯುದ್ಧದಿಂದಾಗಿ ಅಲ್ಲಿಗೆ ಬಂದು ಸೇರಿದ್ದ ಎಸ್ಟೋನಿಯನ್ ನಟರು, ಗಾಯಕರು ಮತ್ತು ವಾದಕರನ್ನು ಒಗ್ಗೂಡಿಸಿ ಸರಕಾರಿ ಕಲಾತಂಡಗಳನ್ನು ಕಟ್ಟಲಾಗಿತ್ತು. ಅಲ್ಲಿ ಗಾಯಕರ ತಂಡವನ್ನು ನಡೆಸುವ ಹೊಣೆ ಎರ್ನೆಸಾಕ್ಸ್ ಅವರ ಪಾಲಿಗೆ ಬಂತು. ಆ ಗಂಡಸರ ತಂಡವೇ 1944ರಲ್ಲಿ ಸ್ಥಾಪಿತವಾದ ಸರಕಾರಿ ಪುರುಷ ಗಾನವೃಂದದ ಬೀಜ. ಎಸ್ಟೋನಿಯನ್ ಹೆಸರಿನ ಮೊದಲಕ್ಷರಗಳಿಂದ ಅದು 'ರಾಮ್' ಎಂದು ಪ್ರಸಿದ್ಧವಾಯಿತು. ಇಂದಿನ ಹೆಸರು ಎಸ್ಟೋನಿಯಾ ರಾಷ್ಟ್ರೀಯ ಪುರುಷ ಗಾನವೃಂದ.

ಎಸ್ಟೋನಿಯಾದಲ್ಲಿ ಹಾಡುವ ಗಂಡಸರಿಗೆ ಎಂದೂ ಕೊರತೆಯಿರಲಿಲ್ಲ. ಆದರೆ ಅವರೆಲ್ಲ ರೈತರು, ಶಿಕ್ಷಕರು, ಬಡಗಿಗಳು, ಗುಮಾಸ್ತರು. ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದವರು. ಹಾಡುವುದನ್ನೇ ಉದ್ಯೋಗವಾಗಿ ಪಡೆದು, ದಿನವೂ ಅಭ್ಯಾಸ ಮಾಡಿ, ವರ್ಷವಿಡೀ ಸಂಚರಿಸಿ ಕಛೇರಿ ನೀಡುವ ವೃತ್ತಿಪರ ಪುರುಷ ಗಾನವೃಂದ ಜಗತ್ತಿನಲ್ಲಿಯೇ ವಿರಳ. ಎರ್ನೆಸಾಕ್ಸ್ ಅದನ್ನು ಯುದ್ಧ ಇನ್ನೂ ಮುಗಿಯದಿರುವಾಗ, ಅರ್ಧ ನಾಶವಾದ ದೇಶದಲ್ಲಿ ನಿಲ್ಲಿಸಿದರು. 1975ರವರೆಗೆ, ಅಂದರೆ ಮೂರು ದಶಕಗಳಿಗೂ ಮಿಕ್ಕಿ, ಅದರ ಮುಂದೆ ನಿಂತರು. ಸೋವಿಯತ್ ಒಕ್ಕೂಟದ ಉದ್ದಗಲಕ್ಕೂ ಈ ವೃಂದ ಹಾಡಿತು.

ಈ ವೃಂದದ ಮಟ್ಟಕ್ಕೆ ಒಂದು ಸಾಕ್ಷಿ ಸಾಕು. ರಷ್ಯಾದ ಮಹಾನ್ ಸಂಯೋಜಕ ದ್ಮಿತ್ರಿ ಶೋಸ್ತಕೋವಿಚ್ 1970ರಲ್ಲಿ ಕವಿ ಯೆವ್ಗೆನಿ ದೊಲ್ಮತೋವ್ಸ್ಕಿಯವರ ಪದ್ಯಗಳನ್ನು ಆಧರಿಸಿ, ವಾದ್ಯಗಳ ನೆರವಿಲ್ಲದ ಪುರುಷ ಗಾನವೃಂದಕ್ಕಾಗಿ 'ನಿಷ್ಠೆ' ಎಂಬ ಎಂಟು ಗೀತೆಗಳ ಮಾಲೆಯನ್ನು ರಚಿಸಿ ಅದನ್ನು ಎರ್ನೆಸಾಕ್ಸ್ ಅವರಿಗೆ ಅರ್ಪಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟಾಲಿನ್‌ನಲ್ಲಿ ಎರ್ನೆಸಾಕ್ಸ್ ಅವರ ನಿರ್ದೇಶನದಲ್ಲಿಯೇ ಅದರ ಮೊದಲ ಪ್ರದರ್ಶನ ನಡೆಯಿತು. ಗೀತೆಗಳ ವಸ್ತು ಲೆನಿನ್ ಮತ್ತು ಕ್ರಾಂತಿ. ಆ ಕಾಲದಲ್ಲಿ ಒಳ್ಳೆಯ ಸಂಗೀತವೂ ಅಂಥ ಉಡುಪನ್ನು ಧರಿಸಿಯೇ ವೇದಿಕೆಗೆ ಬರಬೇಕಾಗುತ್ತಿತ್ತು.

ಎರಡು ಗೀತೆಗಳು

ಸ್ವತಂತ್ರ ಎಸ್ಟೋನಿಯಾದ ರಾಷ್ಟ್ರಗೀತೆಯ ಸಾಹಿತ್ಯ ಮೇಲೆ ಹೇಳಿದ ಯಾನ್ಸೆನ್ ಅವರದು. ಧಾಟಿ ಫ್ರೆಡ್ರಿಕ್ ಪಾಸಿಯಸ್ ಅವರದು. ಅದೇ ಧಾಟಿ ನೆರೆಯ ಫಿನ್ಲೆಂಡ್‌ನ ರಾಷ್ಟ್ರಗೀತೆಯದೂ ಹೌದು. ಸೋವಿಯತ್ ಆಡಳಿತ ಈ ಗೀತೆಯನ್ನು ನಿಷೇಧಿಸಿತು. ಆದರೂ ಸಮುದ್ರದ ಆಚೆಯಿಂದ ಫಿನ್ಲೆಂಡ್‌ನ ರೇಡಿಯೋ ಪ್ರಸಾರ ಉತ್ತರ ಎಸ್ಟೋನಿಯಾಕ್ಕೆ ಕೇಳಿಸುತ್ತಿತ್ತು. ಫಿನ್ನರ ರಾಷ್ಟ್ರಗೀತೆ ಬಂದಾಗ ಕೇಳುಗರು ತಮ್ಮ ಪದಗಳನ್ನು ಮನಸ್ಸಿನಲ್ಲಿಯೇ ತುಂಬಿಕೊಳ್ಳುತ್ತಿದ್ದರು.

ಹೊಸ ಆಡಳಿತಕ್ಕೆ ಹೊಸ ಗೀತೆ ಬೇಕಾಯಿತು. ಕವಿ ಯೊಹಾನ್ನೆಸ್ ಸೆಂಪೆರ್ ಬರೆದ ಪದಗಳಿಗೆ ಎರ್ನೆಸಾಕ್ಸ್ ಸ್ವರ ಹಾಕಿದರು. 1945ರಲ್ಲಿ ಅದು ಎಸ್ಟೋನಿಯನ್ ಸೋವಿಯತ್ ಗಣರಾಜ್ಯದ ಅಧಿಕೃತ ಗೀತೆಯಾಯಿತು.

ಇದಕ್ಕೆ ಸ್ವಲ್ಪ ಮೊದಲು, 1944ರಲ್ಲಿ, ಅವರು ಕೊಯ್ದುಲಾ ಅವರ ಹಳೆಯ ಕವಿತೆಗೆ ಹೊಸದಾಗಿ ಸ್ವರ ಸಂಯೋಜಿಸಿದ್ದರು. ಕುನಿಲೈಡ್ ಅವರ 1869ರ ಧಾಟಿಯ ಜಾಗದಲ್ಲಿ ನಿಧಾನಗತಿಯ, ಪ್ರಾರ್ಥನೆಯಂಥ ಹೊಸ ಧಾಟಿ ಬಂತು. ಇದು ಸೈನಿಕರ ನಡಿಗೆಯ ಲಯದ ಗೀತೆಯಲ್ಲ. ಇದರಲ್ಲಿ ಶತ್ರುವಿನ ಮೇಲಿನ ಕೋಪವಿಲ್ಲ, ವಿಜಯದ ಘೋಷಣೆಯೂ ಇಲ್ಲ. ತನ್ನ ನಾಡನ್ನು ಪ್ರೀತಿಸಿ, ಅದರ ಮಣ್ಣಿನಲ್ಲಿಯೇ ಕೊನೆಯ ನಿದ್ರೆ ಮಾಡಬಯಸುವ ಒಂದು ಜೀವದ ಮಾತು ಅದು. ಧಾಟಿ ಎಷ್ಟು ಸರಳವೆಂದರೆ ಎರಡು ಸಲ ಕೇಳಿದವರು ಮೂರನೆಯ ಸಲ ದನಿಗೂಡಿಸಬಹುದು. ಈ ಸರಳತೆಯೇ ಮುಂದೆ ಬಹಳ ದೊಡ್ಡ ಪರಿಣಾಮಕ್ಕೆ ಕಾರಣವಾಯಿತು.

ಯುದ್ಧಾನಂತರದ ಮೊದಲ ಗಾನೋತ್ಸವ 1947ರಲ್ಲಿ ಟಾಲಿನ್‌ನಲ್ಲಿ ನಡೆಯಿತು. ಎರ್ನೆಸಾಕ್ಸ್ ಅದರ ಪ್ರಧಾನ ನಿರ್ದೇಶಕರಲ್ಲಿ ಒಬ್ಬರಾಗಿದ್ದರು. ಅಂದು ಈ ಹಾಡನ್ನು ಹಾಡಲಾಯಿತು. ನೂರು ವರ್ಷದ ಹಿಂದಿನ ರೈತಾಪಿ ಜನರ ಕವಯಿತ್ರಿಯ ಪದಗಳು, ಸೋವಿಯತ್ ರಾಜ್ಯಗೀತೆಯ ಸಂಯೋಜಕರ ಧಾಟಿ: ಅಧಿಕಾರಿಗಳಿಗೆ ಆಕ್ಷೇಪಿಸಲು ಅದರಲ್ಲಿ ಏನೂ ಕಾಣದೆ ಹೋಗಿರಬಹುದು. ಅದು ಎಷ್ಟು ಆಳಕ್ಕೆ ಇಳಿಯಿತೆಂಬುದು ತಿಳಿದಾಗ ತಡವಾಗಿತ್ತು.

1950ರ ಕರಾಳ ವರ್ಷ

1949ರ ಮಾರ್ಚ್ ತಿಂಗಳಲ್ಲಿ ಎಸ್ಟೋನಿಯಾದಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ರೈಲುಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೆ ಗಡೀಪಾರು ಮಾಡಲಾಯಿತು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು ಮತ್ತು ವೃದ್ಧರು. ಮರುವರ್ಷ ಸರದಿ ಕಲಾವಿದರದು. 1950ರ ಗಾನೋತ್ಸವಕ್ಕೆ ಸಿದ್ಧತೆ ನಡೆಯುತ್ತಿರುವಾಗಲೇ ಅದರ ಪ್ರಮುಖ ನಿರ್ದೇಶಕರಾಗಿದ್ದ ತೂದುರ್ ವೆತ್ತಿಕ್, ರಿಹೊ ಪ್ಯಾಟ್ಸ್ ಮತ್ತು ಆಲ್ಫ್ರೆಡ್ ಕರಿಂದಿ, ಈ ಮೂವರನ್ನೂ ಬಂಧಿಸಲಾಯಿತು. ಮೂವರೂ ಸಂಯೋಜಕರು, ಶಿಕ್ಷಕರು, ಎರ್ನೆಸಾಕ್ಸ್ ಅವರ ಸಹೋದ್ಯೋಗಿಗಳು. ಸ್ಟಾಲಿನ್ ಸತ್ತ ನಂತರ, ದಶಕದ ಮಧ್ಯಭಾಗದಲ್ಲಿ, ಅವರು ಶಿಬಿರಗಳಿಂದ ಹಿಂದಿರುಗಿದರು.

ಆ ಉತ್ಸವದಿಂದ 'ಮು ಇಸಮಾ ಒನ್ ಮಿನು ಅರ್ಮ್' ಕೂಡ ಮಾಯವಾಯಿತು. ಅದರ ಬದಲಿಗೆ ಸ್ಟಾಲಿನ್ ಸ್ತುತಿಗೀತೆಗಳು ತುಂಬಿಕೊಂಡವು. ಎರ್ನೆಸಾಕ್ಸ್ ಬಂಧನಕ್ಕೆ ಒಳಗಾಗಲಿಲ್ಲ. ಅವರು ವೇದಿಕೆಯ ಮೇಲೆಯೇ ಉಳಿದರು. ಕೊಟ್ಟ ಕಾರ್ಯಕ್ರಮವನ್ನು ನಡೆಸಿದರು. ಇದು ಅವರ ಜೀವನದ ಬಗ್ಗೆ ಯಾರೇ ಬರೆಯುವಾಗಲೂ ಎದುರಾಗುವ ಕಷ್ಟದ ಜಾಗ. ಅವರು ರಾಜೀನಾಮೆ ಕೊಟ್ಟು ಹೊರಬಂದಿದ್ದರೆ ಗಾನೋತ್ಸವದ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಆದರೆ ಉತ್ಸವ ಎಂಬ ಚೌಕಟ್ಟು, ಹಳ್ಳಿಗಳ ಗಾನವೃಂದಗಳು, ಐದು ವರ್ಷಕ್ಕೊಮ್ಮೆ ಹತ್ತಾರು ಸಾವಿರ ಎಸ್ಟೋನಿಯನ್ನರು ತಮ್ಮ ಭಾಷೆಯಲ್ಲಿ ಹಾಡಲು ಒಂದೆಡೆ ಸೇರುವ ಅವಕಾಶ, ಇವು ಮುರಿಯದೆ ಉಳಿದವು. ಎರ್ನೆಸಾಕ್ಸ್ ತೆತ್ತ ಬೆಲೆಯನ್ನೂ ಉಳಿಸಿದ ವಸ್ತುವನ್ನೂ ಒಟ್ಟಿಗೇ ತೂಗಬೇಕಾಗುತ್ತದೆ.

ಗಾನೋತ್ಸವವನ್ನು ನಿರ್ದೇಶಿಸುವ ಬಗೆ

ಇಪ್ಪತ್ತು ಸಾವಿರ ಮಂದಿಯನ್ನು ಒಟ್ಟಿಗೆ ಹಾಡಿಸುವುದು ಹೇಗೆ ಎಂಬ ಕುತೂಹಲ ಓದುಗರಿಗೆ ಸಹಜ. ಈ ಕೆಲಸ ಉತ್ಸವದ ದಿನ ಆರಂಭವಾಗುವುದಿಲ್ಲ. ಹಾಡುಗಳನ್ನು ಬಹಳ ಮೊದಲೇ ಆಯ್ದು, ಸ್ವರಲಿಪಿಯ ಪುಸ್ತಕಗಳನ್ನು ಮುದ್ರಿಸಿ, ದೇಶದ ಮೂಲೆಮೂಲೆಯ ವೃಂದಗಳಿಗೆ ಕಳುಹಿಸಲಾಗುತ್ತದೆ. ಪ್ರತಿ ವೃಂದವೂ ತನ್ನ ಊರಿನಲ್ಲಿ ಅಭ್ಯಾಸ ಮಾಡುತ್ತದೆ. ಪ್ರಧಾನ ನಿರ್ದೇಶಕರು ಊರೂರಿಗೆ ಹೋಗಿ ಪ್ರದೇಶವಾರು ಅಭ್ಯಾಸ ನಡೆಸಿ, ಗತಿಯನ್ನೂ ಉಚ್ಚಾರವನ್ನೂ ಏಕರೂಪಗೊಳಿಸುತ್ತಾರೆ. ಸಿದ್ಧರಾಗಿಲ್ಲವೆಂದು ಕಂಡ ವೃಂದಕ್ಕೆ ಉತ್ಸವದಲ್ಲಿ ಸ್ಥಾನವಿಲ್ಲ. ಉತ್ಸವಕ್ಕೆ ಮುನ್ನ ಬಯಲಿನಲ್ಲಿ ಎಲ್ಲರೂ ಸೇರಿ ಅಭ್ಯಾಸ ಮಾಡುತ್ತಾರೆ.

ವೇದಿಕೆಯೆದುರಿನ ಎತ್ತರದ ಮಂಚದ ಮೇಲೆ ನಿರ್ದೇಶಕರು ನಿಲ್ಲುತ್ತಾರೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುತ್ತದೆ. ಆದ್ದರಿಂದ ಐವತ್ತು ಮೀಟರ್ ದೂರದ ಸಾಲಿನ ದನಿ ನಿರ್ದೇಶಕರ ಕಿವಿಗೆ ಸೆಕೆಂಡಿನ ಏಳನೆಯ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ಗಾಯಕರು ಅಕ್ಕಪಕ್ಕದವರ ದನಿಯನ್ನೇ ನೆಚ್ಚಿಕೊಂಡರೆ ಇಡೀ ಹಾಡು ಅಲೆಯಂತೆ ಹಿಂದೆ ಹಿಂದೆ ಸರಿಯುತ್ತದೆ. ಹಾಗಾಗಿ ಎಲ್ಲರೂ ಕಿವಿಯನ್ನಲ್ಲ, ಕಣ್ಣನ್ನು ನಂಬಬೇಕು. ನಿರ್ದೇಶಕರ ಕೈಯನ್ನೇ ನೋಡಬೇಕು. ನಿರ್ದೇಶಕರಾದರೂ ತಡವಾಗಿ ಕೇಳಿಸುವ ದನಿಗೆ ಮನಸೋಲದೆ ತಮ್ಮ ಒಳಗಿನ ಲಯವನ್ನು ಹಿಡಿದು ನಿಲ್ಲಬೇಕು. ಕೈಯ ಚಲನೆ ದೊಡ್ಡದೂ ನಿಸ್ಸಂದಿಗ್ಧವೂ ಆಗಿರಬೇಕು. ಎರ್ನೆಸಾಕ್ಸ್ ಈ ವಿದ್ಯೆಯಲ್ಲಿ ಪಾರಂಗತರು. ಸಮೂಹಕ್ಕಾಗಿ ಅವರು ಬರೆದ ಹಾಡುಗಳಲ್ಲಿ ಸ್ವರಗಳು ಅವಸರದಿಂದ ಓಡುವುದಿಲ್ಲ. ದೊಡ್ಡ ಬಯಲಿನಲ್ಲಿ ಪ್ರತಿ ಸ್ವರಕ್ಕೂ ಹರಡಿಕೊಳ್ಳಲು ವೇಳೆ ಕೊಡುತ್ತಾರೆ.

1960ರಲ್ಲಿ ಟಾಲಿನ್‌ನ ಗಾನಬಯಲಿನಲ್ಲಿ ವಾಸ್ತುಶಿಲ್ಪಿ ಆಲಾರ್ ಕೊತ್ಲಿ ವಿನ್ಯಾಸಗೊಳಿಸಿದ ಬೃಹತ್ ಕಮಾನು ಸಿದ್ಧವಾಯಿತು. ಅದು ಸಾವಿರಾರು ಗಾಯಕರಿಗೆ ಮಾಡಾಗಿರುವುದಷ್ಟೇ ಅಲ್ಲದೆ, ಚಿಪ್ಪಿನಂತೆ ಅವರ ದನಿಯನ್ನು ಒಟ್ಟುಗೂಡಿಸಿ ಎದುರಿನ ಇಳಿಜಾರಿನಲ್ಲಿ ಕುಳಿತ ಪ್ರೇಕ್ಷಕರತ್ತ ಹೊರಳಿಸುತ್ತದೆ.

ಹಾಡು ಹಿಂದಿರುಗಿದ ಕಥೆ

1960ರ ಗಾನೋತ್ಸವ ಎಸ್ಟೋನಿಯಾದಲ್ಲಿ ಸೋವಿಯತ್ ಆಡಳಿತಕ್ಕೆ ಇಪ್ಪತ್ತು ವರ್ಷ ತುಂಬಿದ ಸಂಭ್ರಮಕ್ಕೆಂದು ಏರ್ಪಟ್ಟದ್ದು. ಅಧಿಕೃತ ಕಾರ್ಯಕ್ರಮದಲ್ಲಿ 'ಮು ಇಸಮಾ ಒನ್ ಮಿನು ಅರ್ಮ್' ಇರಲಿಲ್ಲ. ಕೊನೆಯ ಹಾಡು ಮುಗಿದ ಮೇಲೆ ಗಾಯಕರು ಕಮಾನಿನಿಂದ ಇಳಿಯಬೇಕಿತ್ತು. ಅವರು ಇಳಿಯಲಿಲ್ಲ. ಯಾರ ಅಪ್ಪಣೆಯೂ ಇಲ್ಲದೆ ಆ ಹಾಡನ್ನು ಎತ್ತಿಕೊಂಡರು, ಪ್ರೇಕ್ಷಕರೂ ದನಿಗೂಡಿಸಿದರು. ಹದಿಮೂರು ವರ್ಷಗಳ ಹಿಂದೆ ಹಾಡಿದ್ದ ಹಾಡು ಯಾರಿಗೂ ಮರೆತಿರಲಿಲ್ಲ.

ಇಷ್ಟು ಮಂದಿಯನ್ನು ಶಿಕ್ಷಿಸುವಂತಿರಲಿಲ್ಲ. ಮತ್ತೆ ನಿಷೇಧಿಸಿದರೆ ಜನ ಮತ್ತೆ ತಾವಾಗಿಯೇ ಹಾಡುವರೆಂಬುದೂ ಸ್ಪಷ್ಟವಾಗಿತ್ತು. 1965ರ ಉತ್ಸವದಿಂದ ಹಾಡನ್ನು ಅಧಿಕೃತ ಕಾರ್ಯಕ್ರಮಕ್ಕೆ ಸೇರಿಸಿಕೊಳ್ಳಲಾಯಿತು. 1969ರಲ್ಲಿ ಗಾನೋತ್ಸವಕ್ಕೆ ನೂರು ವರ್ಷ ತುಂಬಿತು. ಟಾರ್ಟುವಿನಲ್ಲಿ ಹೊತ್ತಿಸಿದ ಪಂಜನ್ನು ಟಾಲಿನ್‌ಗೆ ತರಲಾಯಿತು. ಆ ಉತ್ಸವದಲ್ಲಿ ಗಾಯಕರು ಈ ಹಾಡನ್ನು ಮತ್ತೆ ಮತ್ತೆ ಹಾಡಲು ತೊಡಗಿದಾಗ ಅಧಿಕಾರಿಗಳು ಅವರ ದನಿಯನ್ನು ಅಡಗಿಸಲು ಹಿತ್ತಾಳೆ ವಾದ್ಯಗಳ ತಂಡಕ್ಕೆ ನುಡಿಸಲು ಅಪ್ಪಣೆ ಮಾಡಿದರೆಂದೂ, ಅದು ಫಲಿಸದೆ ಕೊನೆಗೆ ಎರ್ನೆಸಾಕ್ಸ್ ಅವರನ್ನೇ ವೇದಿಕೆಗೆ ಕರೆದು ನಿರ್ದೇಶಿಸಲು ಬಿಡಬೇಕಾಯಿತೆಂದೂ 2006ರಲ್ಲಿ ಬಿಡುಗಡೆಯಾದ 'ದಿ ಸಿಂಗಿಂಗ್ ರೆವಲ್ಯೂಷನ್' ಎಂಬ ಸಾಕ್ಷ್ಯಚಿತ್ರ ನಿರೂಪಿಸುತ್ತದೆ.

ಕೃತಿಗಳು

ಎರ್ನೆಸಾಕ್ಸ್ ಅವರ ಸಂಯೋಜನೆಗಳಲ್ಲಿ ಬಹುಭಾಗ ವೃಂದಗೀತೆಗಳೇ. 'ಹಕ್ಕಮೆ, ಮೆಹೆದ್, ಮಿನೆಮಾ' (ಹೊರಡೋಣ ಗೆಳೆಯರೇ) ಪುರುಷ ವೃಂದಗಳ ಅಚ್ಚುಮೆಚ್ಚಿನ ಹಾಡು. ದ್ವೀಪವಾಸಿ ಲೇಖಕ ಯುಹಾನ್ ಸ್ಮೂಲ್ ಅವರ ಪದ್ಯಗಳನ್ನು ಆಧರಿಸಿದ 'ಬೆಸ್ತರು ಬದುಕುವ ಬಗೆ' ಎಂಬ ಗೀತಮಾಲೆ ಸಮುದ್ರದ ಜನರ ದುಡಿಮೆ ಮತ್ತು ಹಾಸ್ಯವನ್ನು ಚಿತ್ರಿಸುತ್ತದೆ. ಎಸ್ಟೋನಿಯನ್ ಭಾಷೆಯಲ್ಲಿ ಹ್ರಸ್ವ, ದೀರ್ಘ ಸ್ವರಗಳ ಭೇದ ಅರ್ಥವನ್ನೇ ಬದಲಿಸುತ್ತದೆ. ಆ ಭೇದಕ್ಕೆ ಭಂಗ ಬಾರದಂತೆ ಪದಕ್ಕೆ ಸ್ವರ ಹೊಂದಿಸುವುದರಲ್ಲಿ ಅವರ ಕೌಶಲ ಎದ್ದು ಕಾಣುತ್ತದೆ.

ಅವರು ಒಪೆರಾಗಳನ್ನೂ ಬರೆದರು. 1946ರ 'ಪ್ಯುಹಯಾರ್ವ್' (ಪವಿತ್ರ ಸರೋವರ) ಒಪೆರಾದ ವಸ್ತು 1841ರಲ್ಲಿ ದಕ್ಷಿಣ ಎಸ್ಟೋನಿಯಾದಲ್ಲಿ ನಡೆದ ರೈತರ ದಂಗೆ. 1949ರ 'ತೊರ್ಮಿದೆ ರಂದ್' (ಬಿರುಗಾಳಿಯ ತೀರ) ಕರಾವಳಿಯ ಜನರ ಕಥೆ. ಇವು ಆ ಕಾಲದಲ್ಲಿ ಜನಪ್ರಿಯವಾಗಿದ್ದವು. ಅವುಗಳಲ್ಲಿಯೂ ಅತ್ಯಂತ ಜೀವಂತವಾದ ಭಾಗಗಳು ಸಮೂಹ ಹಾಡುವ ದೃಶ್ಯಗಳೇ. ಸಂಯೋಜಕರ ಮನಸ್ಸು ಎಲ್ಲಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ.

ಎರ್ನೆಸಾಕ್ಸ್ ಒಳ್ಳೆಯ ಗದ್ಯಲೇಖಕರೂ ಹೌದು. 1971ರಲ್ಲಿ ಪ್ರಕಟವಾದ ಅವರ ನೆನಪುಗಳ ಪುಸ್ತಕಕ್ಕೆ 'ಬಾಯಿ ಹಾಡುತ್ತದೆ, ಎದೆ ಮರುಗುತ್ತದೆ' ಎಂಬರ್ಥದ ಹೆಸರನ್ನು ಇಟ್ಟರು. ಬಾಯಲ್ಲಿ ಒಂದು, ಎದೆಯಲ್ಲಿ ಇನ್ನೊಂದು ಎಂಬ ಸ್ಥಿತಿಯಲ್ಲಿ ದಶಕಗಳನ್ನು ಕಳೆದ ಓದುಗರಿಗೆ ಈ ಶೀರ್ಷಿಕೆಯ ಧ್ವನಿ ಬಿಡಿಸಿ ಹೇಳಬೇಕಾಗಿರಲಿಲ್ಲ. 1977ರಲ್ಲಿ 'ಕಾಲಚಕ್ರ ಹೀಗೆ ತಿರುಗುತ್ತದೆ' ಎಂಬರ್ಥದ ಪುಸ್ತಕ ಬಂತು.

ಗುರುವಾಗಿ

1944ರಲ್ಲಿ ಟಾಲಿನ್‌ಗೆ ಹಿಂದಿರುಗಿದ ಮೇಲೆ ಅವರು ಸಂಗೀತ ಮಹಾವಿದ್ಯಾಲಯದಲ್ಲಿ ವೃಂದಗಾನ ನಿರ್ದೇಶನದ ಬೋಧನೆಯನ್ನು ಕಟ್ಟಿ ಬೆಳೆಸಿದರು, 1945ರಲ್ಲಿ ಪ್ರಾಧ್ಯಾಪಕರಾದರು. ಯುದ್ಧಾನಂತರದ ಎಸ್ಟೋನಿಯಾದ ನಿರ್ದೇಶಕರಲ್ಲಿ ಅನೇಕರು ಅವರ ಶಿಷ್ಯರು ಅಥವಾ ಶಿಷ್ಯರ ಶಿಷ್ಯರು. ಅವರ ಪುರುಷ ಗಾನವೃಂದವನ್ನು ಮುಂದೆ ನಡೆಸಿದ ಕುನೊ ಆರೆಂಗ್, ವಾದ್ಯವೃಂದ ನಿರ್ದೇಶಕರಾಗಿ ಅನೇಕ ದೇಶಗಳಲ್ಲಿ ಹೆಸರಾದ ಎರಿ ಕ್ಲಾಸ್ ಇವರಲ್ಲಿ ಸೇರಿದ್ದಾರೆ. ಹಳ್ಳಿಯ ಶಾಲೆಗೋ ಪುಟ್ಟ ಪಟ್ಟಣಕ್ಕೋ ಹೋಗಿ ವೃಂದ ಕಟ್ಟಿದ ಪ್ರಸಿದ್ಧರಲ್ಲದ ಶಿಷ್ಯರ ಸಂಖ್ಯೆ ಇನ್ನೂ ದೊಡ್ಡದು. ಗಾನೋತ್ಸವ ನಿಂತಿರುವುದು ಅಂಥವರ ಮೇಲೆಯೇ.

ಪ್ರಶಸ್ತಿ ಮತ್ತು ಗೌರವಗಳು

ಸೋವಿಯತ್ ಸರಕಾರ ಎರ್ನೆಸಾಕ್ಸ್ ಅವರಿಗೆ ತನ್ನಲ್ಲಿದ್ದ ಅತ್ಯುಚ್ಚ ಗೌರವಗಳನ್ನೆಲ್ಲ ನೀಡಿತು: ಸ್ಟಾಲಿನ್ ಬಹುಮಾನ, 1956ರಲ್ಲಿ 'ಸೋವಿಯತ್ ಒಕ್ಕೂಟದ ಜನತಾ ಕಲಾವಿದ' ಬಿರುದು, 1970ರಲ್ಲಿ ಲೆನಿನ್ ಬಹುಮಾನ, 1974ರಲ್ಲಿ 'ಸಮಾಜವಾದಿ ಶ್ರಮವೀರ' ಪದವಿ. ಇಷ್ಟು ಪದಕಗಳನ್ನು ಧರಿಸಿದವರು ಸಾಮಾನ್ಯವಾಗಿ ಆಳುವವರ ಕಡೆಯವರೆಂದು ಜನರ ಮನಸ್ಸಿನಿಂದ ದೂರವಾಗುತ್ತಾರೆ. ಎರ್ನೆಸಾಕ್ಸ್ ಅವರ ವಿಷಯದಲ್ಲಿ ಹಾಗಾಗಲಿಲ್ಲ. ಸರಕಾರ ಅವರನ್ನು 'ನಮ್ಮವರು' ಎಂದಿತು, ಜನರೂ 'ನಮ್ಮವರು' ಎಂದರು.

ಕೊನೆಯ ವರ್ಷಗಳು

1988ರ ಬೇಸಿಗೆಯಲ್ಲಿ ಟಾಲಿನ್‌ನ ಗಾನಬಯಲಿನಲ್ಲಿ ಯುವಜನರು ರಾತ್ರಿಯಿಡೀ ಸೇರಿ ದೇಶಭಕ್ತಿ ಗೀತೆಗಳನ್ನು ಹಾಡತೊಡಗಿದರು. ಕಲಾವಿದ ಹೈಂಜ್ ವಾಲ್ಕ್ ಇದನ್ನು 'ಹಾಡುವ ಕ್ರಾಂತಿ' ಎಂದು ಕರೆದರು. ಆ ಹೆಸರೇ ಉಳಿಯಿತು. ಅದೇ ವರ್ಷ ಸೆಪ್ಟೆಂಬರ್ 11ರಂದು ಅದೇ ಬಯಲಿನಲ್ಲಿ ನಡೆದ 'ಎಸ್ಟೋನಿಯಾದ ಹಾಡು' ಸಮಾವೇಶಕ್ಕೆ ಸುಮಾರು ಮೂರು ಲಕ್ಷ ಮಂದಿ ಬಂದರೆಂದು ಅಂದಾಜು. ಅಂದು ಹೊಸ ಕಾಲದ ರಾಕ್ ಹಾಡುಗಳೂ ಇದ್ದವು. ಆದರೆ ಇಷ್ಟು ದೊಡ್ಡ ಜನಸಮೂಹ ಹೇಗೆ ಶಾಂತವಾಗಿ ಸೇರಿ, ಒಟ್ಟಿಗೆ ಹಾಡಿ, ಶಾಂತವಾಗಿ ಮನೆಗೆ ಮರಳಬಹುದೆಂಬುದನ್ನು ಆ ಬಯಲು ದಶಕಗಳಿಂದ ಕಲಿಸಿತ್ತು.

1990ರಲ್ಲಿ ನಡೆದದ್ದು ಎರ್ನೆಸಾಕ್ಸ್ ಅವರ ಜೀವಿತಾವಧಿಯ ಕೊನೆಯ ಗಾನೋತ್ಸವ. ಆ ಹೊತ್ತಿಗೆ ನೀಲಿ-ಕಪ್ಪು-ಬಿಳಿ ಬಣ್ಣದ ರಾಷ್ಟ್ರಧ್ವಜ ಮರಳಿ ಬಂದಿತ್ತು, ಹಳೆಯ ರಾಷ್ಟ್ರಗೀತೆಯೂ ಮರಳಿತ್ತು; 1945ರಲ್ಲಿ ಅವರು ಬರೆದ ರಾಜ್ಯಗೀತೆ ಅದೇ ವರ್ಷ ಬಳಕೆಯಿಂದ ಹೋಯಿತು. 1991ರ ಆಗಸ್ಟ್ 20ರಂದು ಎಸ್ಟೋನಿಯಾ ತನ್ನ ಸ್ವಾತಂತ್ರ್ಯವನ್ನು ಮರಳಿ ಸ್ಥಾಪಿಸಿಕೊಂಡಿತು. ಸ್ವತಂತ್ರ ದೇಶದಲ್ಲಿ ಸುಮಾರು ಒಂದೂವರೆ ವರ್ಷ ಬದುಕಿದ ಎರ್ನೆಸಾಕ್ಸ್ 1993ರ ಜನವರಿ 24ರಂದು ಟಾಲಿನ್‌ನಲ್ಲಿ ತಮ್ಮ 84ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಸಮಾಧಿ ನಗರದ ಅರಣ್ಯ ಸ್ಮಶಾನದಲ್ಲಿದೆ.

ಸ್ಮರಣೆ

ಎರ್ನೆಸಾಕ್ಸ್ ಕಟ್ಟಿದ ಪುರುಷ ಗಾನವೃಂದ ಇಂದಿಗೂ ಕ್ರಿಯಾಶೀಲವಾಗಿದೆ. ಫಿನ್ಲೆಂಡ್‌ನ ಸಂಯೋಜಕ ಸಿಬೇಲಿಯಸ್ ಅವರ ಕ್ಯಾಂಟಾಟಾಗಳ ಧ್ವನಿಮುದ್ರಿಕೆಗಾಗಿ, ಪಾವೊ ಯಾರ್ವಿಯವರ ನಿರ್ದೇಶನದಲ್ಲಿ ಹಾಡಿದ ಈ ವೃಂದ ಎಲ್ಲೆರ್‌ಹೈನ್ ಬಾಲಕಿಯರ ವೃಂದದೊಂದಿಗೆ 2004ರಲ್ಲಿ ಗ್ರ್ಯಾಮಿ ಪ್ರಶಸ್ತಿ ಗಳಿಸಿತು. ಎಸ್ಟೋನಿಯಾ, ಲಾಟ್ವಿಯಾ ಮತ್ತು ಲಿಥುವೇನಿಯಾ ದೇಶಗಳ ಗಾನ-ನೃತ್ಯೋತ್ಸವಗಳನ್ನು ಯುನೆಸ್ಕೊ 2003ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಯೆಂದು ಘೋಷಿಸಿತು.

ಟಾಲಿನ್‌ನ ಗಾನಬಯಲಿನ ಇಳಿಜಾರಿನಲ್ಲಿ 2004ರಲ್ಲಿ ಎರ್ನೆಸಾಕ್ಸ್ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು. ನಿಲ್ಲಿಸಲಾಯಿತು ಎನ್ನುವುದು ರೂಢಿಯ ಮಾತಷ್ಟೇ. ಪ್ರತಿಮೆಯಲ್ಲಿ ಅವರು ಕುಳಿತಿದ್ದಾರೆ. ಕೈಯೆತ್ತಿ ನಿರ್ದೇಶಿಸುವ ಭಂಗಿ ಅದಲ್ಲ. ಹಾಡು ಕೇಳಲು ಬಂದ ವೃದ್ಧರೊಬ್ಬರಂತೆ, ಪ್ರೇಕ್ಷಕರ ನಡುವೆ, ಮುಖವನ್ನು ಕಮಾನಿನ ಕಡೆಗೆ ತಿರುಗಿಸಿ ಕುಳಿತಿದ್ದಾರೆ.